ಪುಣೆ ಕ್ಯಾಂಪಿನಲ್ಲಿ ಸಂಸಾರ ಹೂಡುವ ಲೆಕ್ಕ

ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ಅದಕ್ಕೂ ಮೊದಲು ಮುಂಬೈ ಕರ್ನಾಟಕದ ಹುಡುಗರು ಮೆಟ್ರಿಕ್ ಮುಗಿಸಿ ಮುಂದೆ ಓದಬೇಕೆಂದರೆ ಸಾಮಾನ್ಯವಾಗಿ ಪುಣೆಯ ರೈಲು ಹತ್ತುತ್ತಿದ್ದರು. ಆಲೂರು ವೆಂಕಟರಾಯರು ಓದಿದ್ದು ಅಲ್ಲಿಯ ಫರ್ಗ್ಯುಸನ್ ಕಾಲೇಜಿನಲ್ಲಿ. ದ.ರಾ. ಬೇಂದ್ರೆಯವರು ಬಿ.ಎ. ಪದವಿ ಪಡೆದದ್ದೂ ಅದೇ ಕಾಲೇಜಿನಿಂದ, 1918ರಲ್ಲಿ. ಪುಣೆಯಲ್ಲಿ ಬೇಂದ್ರೆಯವರಿಗೆ ಆಸರೆಯಾದದ್ದು ಕಾಕಾನ ಮನೆ. ಮೂರು ದಶಕ ಕಳೆದು, 1949ರಲ್ಲಿ, ಉಡುಪಿಯ ಕಡೆಯಿಂದ ಹೊರಟ ಜಗನ್ನಾಥ ಶೆಟ್ಟಿ ಎಂಬ ಹದಿಹರೆಯದ ಹುಡುಗ ಹೋಟೆಲ್ ಕೆಲಸದ ದಾರಿ ಹಿಡಿದು ಇದೇ ಊರಿಗೆ ಬಂದಿಳಿದ. ಮುಂದೆ ಫರ್ಗ್ಯುಸನ್ ರಸ್ತೆಯ ‘ವೈಶಾಲಿ’, ‘ರೂಪಾಲಿ’ ಹೋಟೆಲುಗಳು ಪುಣೆಯ ಗುರುತಾದದ್ದು ಆತನಿಂದ. ಶೆಟ್ಟರು ತೀರಿಕೊಂಡದ್ದು 2023ರಲ್ಲಿ.

ಓದಲು ಬಂದವರಾಗಲಿ, ದುಡಿಯಲು ಬಂದವರಾಗಲಿ, ಹಳಬರ ಕ್ರಮ ಒಂದೇ ಆಗಿತ್ತು. ಮೊದಲು ಒಬ್ಬ ಹೋಗುವುದು. ಬಂಧುಗಳ ಮನೆಯ ಪಡಸಾಲೆಯಲ್ಲೋ ಖಾನಾವಳಿಯ ಆಸರೆಯಲ್ಲೋ ಕೆಲವು ತಿಂಗಳು ಕಳೆಯುವುದು. ಊರಿನ ಒಳಹೊರಗು ತಿಳಿದ ಮೇಲೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವುದು. ಬಡತನಕ್ಕೆ ಹುಟ್ಟಿದ ಈ ಪದ್ಧತಿಯಲ್ಲಿ ಒಳ್ಳೆಯ ಲೆಕ್ಕಾಚಾರವೂ ಇತ್ತು. ಈಗಿನ ಎಳೆಯ ದಂಪತಿ ಹಾಗೆ ಮಾಡುವುದಿಲ್ಲ. ಕಂಪನಿಯ ಪತ್ರ ಕೈಗೆ ಬಂದ ವಾರದಲ್ಲಿ ಫೋನಿನಲ್ಲೇ ಮನೆ ಗೊತ್ತು ಮಾಡಿ, ಸಾಮಾನು ಲಾರಿಗೆ ಹಾಕಿ, ಮಗುವನ್ನು ಎತ್ತಿಕೊಂಡು ಒಂದೇ ದಿನಕ್ಕೆ ಹೊರಟುಬಿಡುತ್ತಾರೆ. ಕೈಯಲ್ಲಿ ಹಣ ಕಡಿಮೆ ಇದ್ದವರು ಹಳೆಯ ದಾರಿಯನ್ನು ಇನ್ನೊಮ್ಮೆ ನೋಡುವುದು ಒಳ್ಳೆಯದು.

ಹೀಗೆ ಬರುವವರಿಗೆ ಪುಣೆಯಲ್ಲಿ ಹೊಂದುವ ಬಡಾವಣೆಗಳಲ್ಲಿ ಕ್ಯಾಂಪ್ ಒಂದು. ಹಳೆಯ ಪುಣೆಯ ಜನ ಇದನ್ನು ಲಷ್ಕರ್ ಎಂದೇ ಕರೆಯುತ್ತಾರೆ. 1817ರ ಖಡಕಿ ಯುದ್ಧದಲ್ಲಿ ಪೇಶ್ವೆಯನ್ನು ಸೋಲಿಸಿದ ಮೇಲೆ ಇಂಗ್ಲಿಷರು ಇಲ್ಲಿ ದಂಡಿನ ಠಾಣೆ ಹಾಕಿದರು. ಠಾಣೆಯ ಬೆನ್ನಿಗೆ ದರ್ಜಿಗಳು, ಬೇಕರಿಯವರು, ವ್ಯಾಪಾರಿಗಳು ಬಂದರು. ಮದ್ರಾಸಿನ ಪಲ್ಟಣಗಳ ಜೊತೆ ತಮಿಳು ಸಂಸಾರಗಳು ಬಂದವು. ಬಾಗ್ದಾದ್ ಬಿಟ್ಟು ಮುಂಬೈ ಸೇರಿದ್ದ ಡೇವಿಡ್ ಸಸೂನ್ ಎಂಬ ಯಹೂದಿ ವರ್ತಕ ಇಲ್ಲಿ ಸಿನಗಾಗ್ ಕಟ್ಟಿಸಿದ. ಆ ಕೆಂಪು ಕಟ್ಟಡಕ್ಕೆ ಜನ ಲಾಲ್ ದೇವಳ ಎನ್ನುತ್ತಾರೆ. ಕ್ಯಾಂಪಿನ ಮಗ್ಗುಲಲ್ಲೇ ಇರುವ, 1867ರಲ್ಲಿ ತೆರೆದ ಸಸೂನ್ ಆಸ್ಪತ್ರೆ ನಿಂತದ್ದು ಆತನ ದಾನದಿಂದ. ಈಸ್ಟ್ ಸ್ಟ್ರೀಟಿನಲ್ಲಿ ಇರಾನಿ ಕುಟುಂಬವೊಂದು ಕಯಾನಿ ಬೇಕರಿ ತೆರೆದದ್ದು 1955ರಲ್ಲಿ. ಬೇರೆ ಕಡೆಯಿಂದ ಬಂದವರೇ ಕಟ್ಟಿದ ಪೇಟೆ ಇದು. ಹಾಗಾಗಿ ಸದಾಶಿವ ಪೇಟೆಯಲ್ಲಿ ಮರಾಠಿ ಬಾರದವರು ಪಡುವ ಮುಜುಗರ ಇಲ್ಲಿಲ್ಲ. ಹಿಂದಿ, ಇಂಗ್ಲಿಷ್, ಮರಾಠಿ ಕಲಸಿದ ಮಾತಿನಲ್ಲಿ ವ್ಯವಹಾರ ನಡೆದುಹೋಗುತ್ತದೆ. ಬೆಳಗಾವಿಯ ಕ್ಯಾಂಪ್ ನೋಡಿದವರಿಗೆ ಇಲ್ಲಿಯ ನೇರ ಬೀದಿಗಳು, ಚರ್ಚುಗಳು, ಹಳೆಯ ಬಂಗಲೆಗಳು ತೀರ ಹೊಸದೆನಿಸುವುದಿಲ್ಲ.

ಒಂದು ವ್ಯತ್ಯಾಸವನ್ನು ಮಾತ್ರ ಮೊದಲೇ ತಿಳಿದಿರಬೇಕು. ಕ್ಯಾಂಪಿನ ಆಡಳಿತ ಪುಣೆ ಮಹಾನಗರಪಾಲಿಕೆಯದಲ್ಲ, ಕಂಟೋನ್ಮೆಂಟ್ ಬೋರ್ಡಿನದು. ಜಮೀನು ಬಹುಮಟ್ಟಿಗೆ ರಕ್ಷಣಾ ಇಲಾಖೆಯದು. ಕಟ್ಟಡ ಎತ್ತರಿಸಲಿಕ್ಕೆ, ದೊಡ್ಡ ರಿಪೇರಿ ಮಾಡಲಿಕ್ಕೆ ಮನೆ ಮಾಲೀಕ ಬೋರ್ಡಿನ ಅನುಮತಿ ಕೇಳಬೇಕು. ಆದ್ದರಿಂದ ಸೋರುವ ಮಾಳಿಗೆಯನ್ನು ತೋರಿಸಿ ‘ಮುಂದಿನ ತಿಂಗಳು ಸರಿಮಾಡಿಸುತ್ತೇನೆ’ ಎನ್ನುವ ಮಾಲೀಕನ ಮಾತನ್ನು ಅಷ್ಟಕ್ಕಷ್ಟೇ ನಂಬಬೇಕು. ಆತ ಸುಳ್ಳು ಹೇಳುತ್ತಾನೆಂದಲ್ಲ, ಕೆಲಸ ಅವನೊಬ್ಬನ ಕೈಯಲ್ಲಿಲ್ಲ.

ಇನ್ನು ದುಡ್ಡಿನ ಮಾತು. ಗದಗಿನಿಂದಲೋ ಕಲಬುರಗಿಯಿಂದಲೋ ಹೊರಟ ಗಂಡ, ಹೆಂಡತಿ, ಒಂದು ಮಗು ಇರುವ ಸಂಸಾರ ಅಂದುಕೊಳ್ಳೋಣ. ಬಾಡಿಗೆ ತಿಂಗಳಿಗೆ 12,000 ರೂಪಾಯಿ ಎಂದಿಟ್ಟುಕೊಳ್ಳೋಣ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳಿ ಬೆಚ್ಚಿದವರಿಗೆ ಪುಣೆಯ ಡಿಪಾಸಿಟ್ ಹಗುರ. ಎರಡು ಮೂರು ತಿಂಗಳ ಬಾಡಿಗೆ ಇಲ್ಲಿಯ ರೂಢಿ. ಮೂರು ತಿಂಗಳೆಂದರೆ 36,000. ಮೊದಲ ತಿಂಗಳ ಬಾಡಿಗೆ 12,000. ಬ್ರೋಕರ್ ಒಂದು ತಿಂಗಳ ಬಾಡಿಗೆ ಕೇಳಿದರೆ ಇನ್ನೊಂದು 12,000. ಅಲ್ಲಿಗೆ 60,000 ರೂಪಾಯಿ ಆಯಿತು. ಒಲೆಯ ಮೇಲೆ ಇನ್ನೂ ಪಾತ್ರೆ ಇಟ್ಟಿಲ್ಲ. ಲಾರಿಯ ಖರ್ಚು, ಶಾಲೆಯ ಫೀ, ಮೊದಲ ಸಂಬಳ ಕೈಗೆ ಬರುವವರೆಗಿನ ಊಟ, ಎಲ್ಲ ಇದರ ಮೇಲೆ.

ಇದರಲ್ಲಿ ಉಳಿಸಲು ಆಗುವುದು ಬ್ರೋಕರಿನ 12,000. ಒಬ್ಬರು ಮುಂದಾಗಿ ಹೋಗುವುದರ ಲಾಭ ಕಾಣುವುದು ಇಲ್ಲೇ. ಪುಣೆಯಲ್ಲಿ ‘ಕಾಟ್ ಬೇಸಿಸ್’ ಎಂಬ ಪದ್ಧತಿಯಿದೆ. ಬಾಡಿಗೆಗೆ ಸಿಗುವುದು ಕೋಣೆಯಲ್ಲ, ಕೋಣೆಯೊಳಗಿನ ಒಂದು ಮಂಚ. ವಿದ್ಯಾರ್ಥಿಗಳ ಊರಾದ್ದರಿಂದ ಇದು ಬೆಳೆದು ಬಂದಿದೆ. ಊಟಕ್ಕೆ ಮೆಸ್ಸು ಇಲ್ಲವೇ ಡಬ್ಬಾ. ಇಂಥ ಮಂಚದ ಮೇಲೆ ಒಂದೆರಡು ತಿಂಗಳು ಮಲಗಿ, ಸಂಜೆ ಬೀದಿ ಸುತ್ತಿದವನಿಗೆ ಖಾಲಿ ಮನೆಯ ಸುದ್ದಿ ಕಿರಾಣಿ ಅಂಗಡಿಯವನಿಂದ, ಇಸ್ತ್ರಿಯವನಿಂದ, ಕಚೇರಿಯ ಜೊತೆಗಾರರಿಂದ ತಾನಾಗಿ ಬರುತ್ತದೆ. ಸೆಂಟರ್ ಸ್ಟ್ರೀಟ್, ಸಾಚಾಪೀರ್ ಸ್ಟ್ರೀಟಿನಂಥ ಬೀದಿಗಳ ಹಳೆಯ ಮನೆಗಳು ಫೋನಿನ ಆಪಿನಲ್ಲಿ ಕಾಣುವುದು ಅಪರೂಪ. ಕೆಳಗೆ ಅಂಗಡಿ, ಪಕ್ಕದಲ್ಲಿ ಕಟ್ಟಿಗೆಯ ಮೆಟ್ಟಿಲು, ಮೇಲೆ ಎರಡು ಕೋಣೆ. ಇಂಥವು ಬಾಯಿಂದ ಬಾಯಿಗೆ ಹೋಗಿಯೇ ತುಂಬುತ್ತವೆ.

ಮನೆ ನೋಡಲು ಬೆಳಿಗ್ಗೆ ಹೋಗಬೇಕು. ಬಣ್ಣ, ಬೆಳಕು ಆಮೇಲೆ. ಮೊದಲು ನಲ್ಲಿ ತಿರುಗಿಸಿ ನೋಡಬೇಕು. ನೀರು ಎಷ್ಟು ಗಂಟೆಗೆ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಮೇಲೆ ಟ್ಯಾಂಕ್ ಇದೆಯೋ ಡ್ರಮ್ಮಿನಲ್ಲಿ ತುಂಬಿಟ್ಟುಕೊಳ್ಳಬೇಕೋ ಎಂಬುದನ್ನು ಮಾಲೀಕನಿಗಿಂತ ನೆರೆಮನೆಯ ಹೆಂಗಸು ಸರಿಯಾಗಿ ಹೇಳುತ್ತಾಳೆ. ಆಮೇಲೆ ಕರೆಂಟ್ ಬಿಲ್ಲು ಕೇಳಬೇಕು. ಇಲ್ಲಿಯ ವಿದ್ಯುತ್ ಕಂಪನಿ ಮಹಾವಿತರಣದ ಬಿಲ್ಲಿನಲ್ಲಿ ಹಿಂದಿನ ತಿಂಗಳುಗಳ ಬಳಕೆಯೂ ಅಚ್ಚಾಗಿರುತ್ತದೆ, ಬಾಕಿ ಇದ್ದರೆ ಅದೂ ಇರುತ್ತದೆ. ಬಿಲ್ಲಿನಲ್ಲಿರುವ ಮೀಟರ್ ನಂಬರು ಗೋಡೆಯ ಮೇಲಿನ ಮೀಟರಿನದೇ ಹೌದೇ ಎಂದು ಹೋಲಿಸಿ, ಬೀಗದ ಕೈ ಪಡೆದ ದಿನದ ರೀಡಿಂಗಿನ ಫೋಟೋ ತೆಗೆದಿಟ್ಟುಕೊಳ್ಳಬೇಕು. ಹಿಂದಿನವರು ಸುಟ್ಟ ಕರೆಂಟಿಗೆ ಹೊಸಬರು ದುಡ್ಡು ತೆರುವುದು ಇದರಿಂದ ತಪ್ಪುತ್ತದೆ.

ಮನೆ ಒಪ್ಪಿತವಾದರೆ ಕರಾರು. ಮಹಾರಾಷ್ಟ್ರದಲ್ಲಿ ಇದಕ್ಕೆ ‘ಲೀವ್ ಅಂಡ್ ಲೈಸೆನ್ಸ್’ ಎನ್ನುತ್ತಾರೆ. 11 ತಿಂಗಳದ್ದು ಸಾಮಾನ್ಯ. ಕರ್ನಾಟಕದಲ್ಲಿ 11 ತಿಂಗಳ ಕರಾರನ್ನು ಸ್ಟಾಂಪ್ ಪೇಪರಿನಲ್ಲಿ ಬರೆದು ನೋಟರಿ ಮಾಡಿಸಿ ಕೈತೊಳೆದುಕೊಂಡು ಅಭ್ಯಾಸವಾದವರು ಇಲ್ಲಿ ಎಡವುತ್ತಾರೆ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999ರ 55ನೇ ಕಲಮಿನ ಪ್ರಕಾರ ಕರಾರು ಬರಹದಲ್ಲಿರಬೇಕು, ನೋಂದಣಿಯೂ ಆಗಬೇಕು. ನೋಂದಣಿ ಮಾಡಿಸುವ ಹೊಣೆ ಮಾಲೀಕನದು. ತಪ್ಪಿದರೆ ಮೂರು ತಿಂಗಳವರೆಗೆ ಸಜೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಬರೆದು ನೋಂದಾಯಿಸಿದ ಕರಾರಿಲ್ಲದೆ ಜಗಳವಾದರೆ, ಬೇರೆಯದೆಂದು ಸಾಬೀತಾಗುವವರೆಗೆ ಬಾಡಿಗೆದಾರ ಹೇಳುವ ಷರತ್ತುಗಳೇ ನಿಲ್ಲುತ್ತವೆ. ಖರ್ಚೂ ದೊಡ್ಡದಲ್ಲ. ಸ್ಟಾಂಪ್ ಶುಲ್ಕ ಒಟ್ಟು ಬಾಡಿಗೆಯ ಮತ್ತು ಡಿಪಾಸಿಟ್ ಮೇಲೆ ಹಿಡಿಯುವ ವರ್ಷಕ್ಕೆ ಶೇಕಡಾ 10ರ ಬಡ್ಡಿಯ ಶೇಕಡಾ 0.25. ನಮ್ಮ ಲೆಕ್ಕದ ಸಂಸಾರಕ್ಕೆ ಅದು 400 ರೂಪಾಯಿಯ ಒಳಗೇ ಬರುತ್ತದೆ; ನಗರದಲ್ಲಿ ನೋಂದಣಿ ಶುಲ್ಕ 1,000. ಆನ್‌ಲೈನಿನಲ್ಲಿ, ಮನೆಯಲ್ಲೇ ಕೂತು ಬೆರಳಚ್ಚು ಕೊಟ್ಟು ಮುಗಿಸಬಹುದು. ಈ ಕಾಗದ ಮುಂದೆ ಆಧಾರ್ ವಿಳಾಸ ಬದಲಾವಣೆಗೆ, ಗ್ಯಾಸಿಗೆ, ಬ್ಯಾಂಕಿಗೆ ಬೇಕಾಗುತ್ತದೆ. ಖಾಸಗಿ ಶಾಲೆಗಳ ಶೇಕಡಾ 25 ಸೀಟುಗಳಿಗೆ ಶಿಕ್ಷಣ ಹಕ್ಕು ಕಾಯ್ದೆ, ಅಂದರೆ ಆರ್‌ಟಿಇ ಅಡಿ ಅರ್ಜಿ ಹಾಕುವವರಿಗಂತೂ ನೋಂದಾಯಿತ ಕರಾರೇ ಬೇಕು, ನೋಟರಿಯದು ನಡೆಯದು.

ಕ್ಯಾಂಪಿಗಿಂತ ಹಡಪ್ಸರ್ ಆಚೆ, ಉಂಡ್ರಿ, ವಾಘೋಲಿ ಕಡೆ ಬಾಡಿಗೆ ಅಗ್ಗವಲ್ಲವೇ? ಎಷ್ಟೋ ಕಡೆ ಹೌದು, ಮನೆಯೂ ಹೊಸದು, ಲಿಫ್ಟೂ ಇರುತ್ತದೆ. ಆದರೆ ಬಾಡಿಗೆಯಲ್ಲಿ 3,000 ರೂಪಾಯಿ ಉಳಿದರೂ ಅದು ಶಾಲೆಯ ವ್ಯಾನಿಗೆ, ಪೆಟ್ರೋಲಿಗೆ, ರಾತ್ರಿ ಮಗುವಿಗೆ ಜ್ವರ ಬಂದಾಗಿನ ರಿಕ್ಷಾಕ್ಕೆ ಹೋಗಿಬಿಡುತ್ತದೆ. ಕ್ಯಾಂಪಿನಲ್ಲಿ ತರಕಾರಿಗೆ ಶಿವಾಜಿ ಮಾರ್ಕೆಟ್, ಬಸ್ಸಿಗೆ ಪೂಲ್‌ಗೇಟ್, ಸರ್ಕಾರಿ ಚಿಕಿತ್ಸೆಗೆ ಸಸೂನ್ ಅಥವಾ ಬೋರ್ಡಿನದೇ ಪಟೇಲ್ ಆಸ್ಪತ್ರೆ, ಊರಿಗೆ ಹೋಗಲು ಪುಣೆ ಸ್ಟೇಷನ್, ಎಲ್ಲವೂ ಹತ್ತಿರ. ಗಾಡಿಯಿಲ್ಲದೆ ಬದುಕಬಲ್ಲ ಕಡೆ ಚಿಕ್ಕ ಮನೆ ಹಿಡಿಯುವುದೇ ಮೊದಲ ವರ್ಷಕ್ಕೆ ಜಾಣತನ. ಕೆಲಸ ಹಿಂಜವಡಿಯಲ್ಲಿದ್ದರೆ ಮಾತ್ರ ಈ ಮಾತು ಅನ್ವಯಿಸದು. ಅದು ಪುಣೆಯ ಇನ್ನೊಂದು ಕೊನೆ.

ಸಾಮಾನಿನ ವಿಷಯ. ರೈಲಿನ ಸ್ಲೀಪರ್ ಟಿಕೆಟ್ಟಿಗೆ ತಲಾ 40 ಕೆ.ಜಿ. ಸಾಮಾನು ಉಚಿತ. ದಂಪತಿಗೆ 80 ಕೆ.ಜಿ. ಆಯಿತು: ಪಾತ್ರೆ, ಬಟ್ಟೆ, ಹಾಸಿಗೆ, ಮಿಕ್ಸರ್, ಪುಸ್ತಕ ಇಷ್ಟರಲ್ಲೇ ಹಿಡಿಸುತ್ತವೆ. ಐದು ವರ್ಷದೊಳಗಿನ ಮಗುವಿಗೆ ಟಿಕೆಟ್ ಬೇಡ. 5ರಿಂದ 12ರೊಳಗಿನ ಮಗುವಿಗೆ ಬರ್ತ್ ಕೇಳದಿದ್ದರೆ ಅರ್ಧ ದರ, ಕೇಳಿದರೆ ಪೂರ್ತಿ ದರ. ಮಂಚ, ಅಲ್ಮೇರಾ, ಡೈನಿಂಗ್ ಟೇಬಲ್ಲನ್ನು ಲಾರಿಯಲ್ಲಿ ಹೊರಿಸಿ ತಂದು ಕ್ಯಾಂಪಿನ ಕಿರಿದಾದ ಮೆಟ್ಟಿಲಲ್ಲಿ ಸಿಕ್ಕಿಸಿಕೊಳ್ಳುವ ಬದಲು ಊರಲ್ಲೇ ಮಾರಿ ಬರುವುದು ವಾಸಿ. ಬುಧವಾರ, ಭಾನುವಾರ ಸೇರುವ ಜೂನಾ ಬಜಾರಿನಲ್ಲಿ ಹಳೆಯ ಸಾಮಾನು ಸಿಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಓದು ಮುಗಿಸಿ ಹೊರಡುವ ವಿದ್ಯಾರ್ಥಿಗಳು ಮಂಚ, ಮೇಜುಗಳನ್ನು ಸಿಕ್ಕ ಬೆಲೆಗೆ ಕೊಟ್ಟು ಹೋಗುತ್ತಾರೆ. ರೊಟ್ಟಿ ಹಂಚು ಮಾತ್ರ ಮರೆಯದೆ ತರಬೇಕು. ಭಾಕರಿ ತಿನ್ನುವ ನಾಡಾದ್ದರಿಂದ ಸೊಲ್ಲಾಪುರದ ಜೋಳಕ್ಕೆ ಇಲ್ಲಿ ಬರವಿಲ್ಲ. ಉತ್ತರ ಕರ್ನಾಟಕದ ಅಡುಗೆಮನೆ ಪುಣೆಯಲ್ಲಿ ಹೆಚ್ಚೇನೂ ಬದಲಾಗುವುದಿಲ್ಲ. ಮುದ್ದೆಯವರು ರಾಗಿಗೆ ನಾಚ್ನಿ ಎಂದು ಕೇಳಿದರೆ ಸಾಕು.

ಗ್ಯಾಸ್ ಸಿಲಿಂಡರನ್ನು ರೈಲಿನಲ್ಲಿ ತರುವಂತಿಲ್ಲ. ಊರಿನ ಏಜೆನ್ಸಿಗೆ ಒಪ್ಪಿಸಿ ವರ್ಗಾವಣೆ ವೋಚರ್ ಪಡೆಯಬೇಕು. ಇಲ್ಲಿ ಸಂಪರ್ಕ ಸಿಗುವವರೆಗೆ 5 ಕೆ.ಜಿ.ಯ ಚಿಕ್ಕ ಸಿಲಿಂಡರು ವಿಳಾಸದ ಪುರಾವೆಯಿಲ್ಲದೆ, ಗುರುತಿನ ಚೀಟಿ ತೋರಿಸಿದರೆ ಸಿಗುತ್ತದೆ. ಕೆಎ ನಂಬರಿನ ಬೈಕನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳುವುದಾದರೆ ನೋಂದಣಿಯನ್ನು ಮಹಾರಾಷ್ಟ್ರಕ್ಕೆ ಬದಲಿಸಬೇಕು.

ಮಹಾರಾಷ್ಟ್ರದ ಶಾಲೆಗಳು ಸಾಮಾನ್ಯವಾಗಿ ಜೂನ್ ನಡುವಿನಲ್ಲಿ ತೆರೆಯುತ್ತವೆ, ನಮ್ಮಲ್ಲಿಗಿಂತ ಹದಿನೈದು ದಿನ ತಡವಾಗಿ. ಸಂಸಾರ ಬರುವುದಕ್ಕೆ ಮೇ ಕೊನೆಯೇ ಸರಿಯಾದ ಸಮಯ, ಮಳೆಗೂ ಮುಂಚೆ. ಟಿ.ಸಿ. ಬಂದಿಲ್ಲವೆಂದು ಸರ್ಕಾರಿ, ಅನುದಾನಿತ ಶಾಲೆಗಳು ಪ್ರವೇಶ ತಡೆಯುವಂತಿಲ್ಲ ಎನ್ನುತ್ತದೆ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮು. 2020ರ ಕಾಯ್ದೆಯಂತೆ ರಾಜ್ಯದಲ್ಲಿ ಯಾವ ಬೋರ್ಡಿನ ಶಾಲೆಯಾದರೂ ಮರಾಠಿ ಕಡ್ಡಾಯ. ಹೊರಡುವ ಮುನ್ನ ಬೇಸಿಗೆ ರಜೆಯಲ್ಲಿ ಮಗುವಿಗೆ ದೇವನಾಗರಿ ಅಕ್ಷರ ತಿದ್ದಿಸಿದರೆ ಮೊದಲ ತಿಂಗಳ ಅಳು ಕಡಿಮೆಯಾಗುತ್ತದೆ. ಕನ್ನಡ ಮಾಧ್ಯಮವೇ ಬೇಕೆನ್ನುವವರಿಗೆ ಎರಂಡವಣೆಯಲ್ಲಿ ಪುಣೆ ಕನ್ನಡ ಸಂಘದ ಶಾಲೆಯಿದೆ. ಕಾವೇರಿ ಹೆಸರಿನ ವಿದ್ಯಾಸಂಸ್ಥೆಗಳನ್ನು ನಡೆಸುವುದೂ ಇದೇ ಸಂಘ. ಕ್ಯಾಂಪಿನಿಂದ ಅದು ದೂರ, ಎಳೆಯ ಮಕ್ಕಳಿಗೆ ದಿನದ ಓಡಾಟ ಕಷ್ಟ. ಸಂಘದ ಸಂಪರ್ಕವನ್ನಂತೂ ಇಟ್ಟುಕೊಳ್ಳಬೇಕು, ಮುಖ್ಯವಾಗಿ ಮನೆಯಲ್ಲಿರುವ ತಾಯಂದಿರ ಸಲುವಾಗಿ. ಗಂಡನಿಗೆ ಕಚೇರಿಯಿದೆ, ಮಗುವಿಗೆ ಶಾಲೆಯಿದೆ. ಹೊಸ ಊರಿನಲ್ಲಿ ಇಡೀ ದಿನ ಮಾತಿಗೆ ಜನವಿಲ್ಲದೆ ಕಳೆಯುವವಳು ಅವಳು. ಸಂಸಾರ ಅರ್ಧಕ್ಕೇ ಊರಿಗೆ ಮರಳಿ ಎರಡು ಸಲ ಖರ್ಚು ಮಾಡುವುದು ಬಹಳ ಸಲ ಇದೇ ಕಾರಣಕ್ಕೆ. 2011ರ ಜನಗಣತಿಯಂತೆ ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 10 ಲಕ್ಷ. ಹುಡುಕಿದರೆ ಅದೇ ಬೀದಿಯಲ್ಲಿ ಒಬ್ಬರಾದರೂ ಸಿಕ್ಕಾರು.

ಕೊನೆಯದಾಗಿ ಪಡಿತರ ಚೀಟಿ. ಊರು ಬಿಡುತ್ತೇವೆಂದು ಅದನ್ನು ರದ್ದು ಮಾಡಿಸುವವರಿದ್ದಾರೆ. ‘ಒಂದು ದೇಶ, ಒಂದು ಪಡಿತರ ಚೀಟಿ’ ವ್ಯವಸ್ಥೆಯಲ್ಲಿ ಕರ್ನಾಟಕವೂ ಮಹಾರಾಷ್ಟ್ರವೂ ಸೇರಿವೆ. ಆಹಾರ ಭದ್ರತಾ ಕಾಯ್ದೆಯ ಆದ್ಯತಾ ಚೀಟಿ ಇದ್ದವರು ತಲಾ 5 ಕೆ.ಜಿ. ಧಾನ್ಯವನ್ನು ಪುಣೆಯ ಪಡಿತರ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಉಚಿತವಾಗಿ ಪಡೆಯಬಹುದು. ಒಂದು ಭಾಗವನ್ನು ಇಲ್ಲಿ ಎತ್ತಿಕೊಂಡು, ಉಳಿದದ್ದನ್ನು ಊರಲ್ಲಿರುವ ಅಪ್ಪ ಅಮ್ಮ ಎತ್ತಿಕೊಳ್ಳಲೂ ಬರುತ್ತದೆ. ರಾಜ್ಯ ಸರ್ಕಾರ ತನ್ನದಾಗಿ ಕೊಡುವ ಹೆಚ್ಚುವರಿ ಪಾಲು ಮಾತ್ರ ಗಡಿ ದಾಟುವುದಿಲ್ಲ. ಆದ್ದರಿಂದ ಕೇಳುಗರಲ್ಲಿ ಯಾರಾದರೂ ಈ ಬೇಸಿಗೆಗೆ ಪುಣೆಗೆ ಹೊರಡುವವರಿದ್ದರೆ, ಚೀಟಿಯಲ್ಲಿ ಮನೆಯವರೆಲ್ಲರ ಹೆಸರಿಗೆ ಆಧಾರ್ ಜೋಡಣೆ ಮತ್ತು ಇ-ಕೆವೈಸಿ ಆಗಿದೆಯೇ ಎಂದು ನಿಮ್ಮೂರಿನ ನ್ಯಾಯಬೆಲೆ ಅಂಗಡಿಯಲ್ಲಿ ಈಗಲೇ ವಿಚಾರಿಸಿ, ಆಮೇಲೆ ರೈಲಿನ ಟಿಕೆಟ್ ತೆಗೆಸಿ.