ಗೌರಿಬಿದನೂರಿನ ತಂತಿಗಳು, ಬೆಂಗಳೂರಿನ ತಾರಾಲಯ



ವಸ್ತುಸಂಗ್ರಹಾಲಯದವರು ವಿಜ್ಞಾನಿಯನ್ನು ಕರೆಯುವುದು ಹೆಚ್ಚಾಗಿ ಟೇಪು ಕತ್ತರಿಸಲು. ಹಾರ, ಶಾಲು, ಹತ್ತು ನಿಮಿಷದ ಭಾಷಣ, ಕಾಫಿ. ಅಲ್ಲಿಗೆ ಋಣ ತೀರಿತು. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದಲ್ಲಿ ಹಾಗಾಗಲಿಲ್ಲ. 1989ರಲ್ಲಿ ತೆರೆದ ಆ ತಾರಾಲಯದ ಸ್ಥಾಪಕ ನಿರ್ದೇಶಕರು ಸಿ.ವಿ. ವಿಶ್ವೇಶ್ವರ. ನಮ್ಮ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಅಲ್ಲ, ಇವರು ಬೇರೆ, ಸಾಹಿತಿ ಸಿ.ಕೆ. ವೆಂಕಟರಾಮಯ್ಯನವರ ಮಗ.

ಕಪ್ಪುಕುಳಿಯ ಮೇಲೆ ಗುರುತ್ವದ ಅಲೆ ಹಾಯಿಸಿದರೆ ಏನಾದೀತು ಎಂದು 1970ರಲ್ಲಿ ವಿಶ್ವೇಶ್ವರ ಲೆಕ್ಕ ಹಾಕಿದರು. ಬಡಿದ ಗಂಟೆಯ ಹಾಗೆ ಅದು ಮಿಡಿಯುತ್ತದೆ, ಬೇಗನೆ ಅಡಗುತ್ತದೆ. ಕುಳಿ ಎಷ್ಟು ಭಾರದ್ದೆಂಬುದು ಆ ಮಿಡಿತದಲ್ಲೇ ಸಿಗುತ್ತದೆ. 2015ರಲ್ಲಿ ಅಮೆರಿಕದ ಲೈಗೊ ಉಪಕರಣ ಹಿಡಿದ ಅಲೆಯ ಕೊನೆಯಲ್ಲಿ ಇಂಥದೇ ಮಿಡಿತವಿತ್ತು. ಇಷ್ಟು ಗಹನವಾದ ಲೆಕ್ಕದ ಮನುಷ್ಯ ಶಾಲಾ ಮಕ್ಕಳು ನೋಡುವ ಪ್ರದರ್ಶನಗಳಿಗೆ ತಾವೇ ಕೂತು ಸ್ಕ್ರಿಪ್ಟ್ ಬರೆದರು. ವಿಜ್ಞಾನಿಗಳ ಮತ್ತು ವಸ್ತುಸಂಗ್ರಹಾಲಯಗಳ ಸಹಭಾಗಿತ್ವ ಅಂದರೆ ನಾನು ಒಪ್ಪುವುದು ಇದನ್ನು.

ವಿಶ್ವೇಶ್ವರ ಕೆಲಸ ಮಾಡಿದ್ದು ರಾಮನ್ ಸಂಶೋಧನಾ ಸಂಸ್ಥೆಯಲ್ಲಿ, ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯಲ್ಲಿ. ಇದೇ ಎರಡು ಸಂಸ್ಥೆಗಳು ಸೇರಿ ನಮ್ಮ ಪಕ್ಕದ ಗೌರಿಬಿದನೂರಿನಲ್ಲಿ ರೇಡಿಯೊ ದೂರದರ್ಶಕ ಕಟ್ಟಿದವು. 1976ರಿಂದ ಅದು ಕೆಲಸ ಮಾಡಿದೆ. ದೊಡ್ಡ ಬಟ್ಟಲಿನಂಥ ಡಿಶ್ ಅಲ್ಲಿಲ್ಲ. ಬಯಲಿನಲ್ಲಿ ಕಂಬ, ತಂತಿ; ಸಾವಿರ ಆಂಟೆನಾಗಳು 'ಟಿ' ಅಕ್ಷರದ ಆಕಾರದಲ್ಲಿ, ಪೂರ್ವ–ಪಶ್ಚಿಮದ ತೋಳೊಂದೇ 1.4 ಕಿಲೋಮೀಟರ್. ಅದು ಆಲಿಸುವುದು 34.5 ಮೆಗಾಹರ್ಟ್ಸ್‌ನಲ್ಲಿ. ಅಲ್ಲಿ ಅಲೆಯ ಉದ್ದ ಸುಮಾರು 8.7 ಮೀಟರ್. ಅಲೆ ಉದ್ದವಾದಷ್ಟೂ ಆಕಾಶವನ್ನು ಬಿಡಿಸಿ ನೋಡಲು ತಂತಿಯ ಹರವು ಹೆಚ್ಚಬೇಕು.

ಇದನ್ನು ಬಾಯಲ್ಲಿ ಹೇಳಿದರೆ ಮಕ್ಕಳು ಆಕಳಿಸುತ್ತಾರೆ, ಮುಂದೆ ಕೂತವರಲ್ಲಿ ಈಗಲೇ ಇಬ್ಬರು ಆಕಳಿಸಿದರು. ಕೈಗೆ ಸಿಗುವಂತೆ ಮಾಡುವುದು ಬೇರೆಯೇ ಕಸುಬು. ಅದು ಗೊತ್ತಿರುವುದು ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ, ನಮ್ಮ ವಿಶ್ವೇಶ್ವರಯ್ಯನವರ ಹೆಸರು ಹೊತ್ತ ವಸ್ತುಸಂಗ್ರಹಾಲಯದವರಿಗೆ: ಗುಂಡಿ ಒತ್ತು, ಹಿಡಿ ತಿರುಗಿಸು, ಏನಾಗುತ್ತೆ ನೋಡು. ಅವರ ಸಂಚಾರಿ ಪ್ರದರ್ಶನದ ಬಸ್ಸು ಹಳ್ಳಿ ಶಾಲೆಗಳಿಗೂ ಬರುತ್ತದೆ.

ಆ ಬಸ್ಸಿನಲ್ಲಿ ಗೌರಿಬಿದನೂರಿನ ತಂತಿಗಳ ಮಾದರಿಯೊಂದು ಬರಲಿ. ಕಟ್ಟುವವರು ವಸ್ತುಸಂಗ್ರಹಾಲಯದವರು; ಪಕ್ಕದಲ್ಲಿ ನಿಂತು, ಗೌರಿಬಿದನೂರಿನಲ್ಲಿ ಹಿಡಿದ ಸೂರ್ಯನ ರೇಡಿಯೊ ಸಿಡಿತದ ದಾಖಲೆಯನ್ನು ಕನ್ನಡದಲ್ಲಿ ಬಿಡಿಸಿ ಹೇಳುವವರು ದೂರದರ್ಶಕದ ವಿಜ್ಞಾನಿಗಳು. ಇದನ್ನು ಕೇಳಿ ಕಸ್ತೂರಬಾ ರಸ್ತೆಗೊಂದು, ಖಭೌತ ಸಂಸ್ಥೆಯಿರುವ ಕೋರಮಂಗಲಕ್ಕೊಂದು ಪತ್ರ ಹೋಗಬೇಕು. ಕರಡು ಈ ಸಭೆಯ ಅಧ್ಯಕ್ಷರ ಕೈಯಲ್ಲಿದೆ. ಮೇಷ್ಟ್ರುಗಳು ಸಹಿ ಹಾಕದೆ ಎದ್ದು ಹೋಗಬಾರದು.