ಉದ್ದನಪಲ್ಲಿಯ ದಾರಿ



ಹೊಸೂರಿನಿಂದ ರಾಯಕೋಟೆಗೆ 30 ಚಿಲ್ಲರೆ ಕಿಲೋಮೀಟರು. ನಡುವೆ ಸಿಗುವುದು ನಮ್ಮ ಉದ್ದನಪಲ್ಲಿ. ಇಲ್ಲಿಂದ ಪಡುವಲಿಗೆ ಹೊರಳಿದರೆ ಕೆಲಮಂಗಲ, ಮೂಡಲಿಗೆ ಹೊರಳಿದರೆ ಶೂಲಗಿರಿ. ದಿನವೂ ಓಡಾಡುವ ಈ ರಸ್ತೆಯ ಹಿಂದಿನ ಕಥೆಯನ್ನೂ ಮುಂದಿನ ಮಾತನ್ನೂ ಇವತ್ತು ಸ್ವಲ್ಪ ತಿಳಿಯೋಣ.

1791ರಲ್ಲಿ ರಾಯಕೋಟೆ ಇಂಗ್ಲಿಷ್ ಕಂಪನಿಯ ಸೈನ್ಯದ ಕೈಸೇರಿತು. ಮರುವರ್ಷ ಶ್ರೀರಂಗಪಟ್ಟಣದ ಒಪ್ಪಂದವಾಗಿ ಬಾರಾಮಹಲ್ ಸೀಮೆ ಕಂಪನಿಗೆ ಹೋಯಿತು. ಹೊಸೂರು ಟಿಪ್ಪು ಸುಲ್ತಾನನ ಕೈಯಲ್ಲೇ ಉಳಿಯಿತು. ಅಂದರೆ ಏಳು ವರ್ಷ ಎರಡು ರಾಜ್ಯಗಳ ಗಡಿ ಈ ದಾರಿಗೆ ಅಡ್ಡವಾಗಿತ್ತು. 1799ರ ಮಾರ್ಚ್‌ನಲ್ಲಿ ಜನರಲ್ ಹ್ಯಾರಿಸ್‌ನ ದಂಡು ರಾಯಕೋಟೆಯಿಂದ ಹೊರಟು, ಕೆಲಮಂಗಲ, ಆನೇಕಲ್ಲಿನ ಮೇಲೆ ಶ್ರೀರಂಗಪಟ್ಟಣಕ್ಕೆ ನಡೆಯಿತು. ಟಿಪ್ಪು ಮಡಿದ ಮೇಲೆ ಹೊಸೂರೂ ಸೇಲಂ ಜಿಲ್ಲೆಗೆ ಸೇರಿತು. 1965ರಲ್ಲಿ ನಾವು ಧರ್ಮಪುರಿ ಜಿಲ್ಲೆಯವರಾದೆವು, 2004ರಲ್ಲಿ ಕೃಷ್ಣಗಿರಿ ಜಿಲ್ಲೆಯವರಾದೆವು. ಮನೆ ಮಾತ್ರ ಇದ್ದಲ್ಲೇ ಇತ್ತು, ಮನೆಯ ಮಾತೂ ಹಾಗೆಯೇ.

ಇದೇ ದಾರಿಯ ಹೊಸೂರು ಕಡೆಯ ತೊರಪಳ್ಳಿಯಲ್ಲಿ 1878ರಲ್ಲಿ ರಾಜಾಜಿ ಹುಟ್ಟಿದರು. ಸ್ವತಂತ್ರ ಭಾರತದ ಕೊನೆಯ ಗವರ್ನರ್ ಜನರಲ್ ಆದವರು ಅವರು.

ಮಾಲೂರು, ಹೊಸೂರು, ಅದಿಯಮಾನ್‌ಕೋಟೆಗಳನ್ನು ಕೂಡಿಸುವ ಈ ರಸ್ತೆ ಬಹುಕಾಲ ರಾಜ್ಯ ಹೆದ್ದಾರಿಯಾಗಿತ್ತು. ರಾಯಕೋಟೆ ಮಂಡಿಗೆ ಟೊಮೇಟೊ ಹೋಗಿದ್ದು ಇದರ ಮೇಲೆಯೇ. 1970ರ ದಶಕದಲ್ಲಿ ಹೊಸೂರಿನಲ್ಲಿ ಸಿಪ್‌ಕಾಟ್ ಕೈಗಾರಿಕೆಗಳು ಬಂದವು. ಈಚೆಗೆ ಟಾಟಾ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ನಮ್ಮ ಮಗ್ಗುಲಿಗೇ ಬಂದಿದೆ. ಈಗ ಹೊಸೂರಿನಿಂದ ಅದಿಯಮಾನ್‌ಕೋಟೆಗೆ ಹೋಗುವ ದಾರಿ ರಾಷ್ಟ್ರೀಯ ಹೆದ್ದಾರಿ 844. ಇದಕ್ಕಾಗಿ ನೆರಳೂರು, ತೊರಪಳ್ಳಿ ಅಗ್ರಹಾರ, ಜಿಟ್ಟಾಂಡಹಳ್ಳಿ, ಧರ್ಮಪುರಿ ಎಂದು ನಾಲ್ಕು ಪಥದ ಯೋಜನೆ ಹಾಕಿದರು.

ರಸ್ತೆ ಅಗಲವಾಗಬೇಕಾದರೆ ಯಾರದೋ ಹೊಲ ಕಿರಿದಾಗಬೇಕು. ಆದ್ದರಿಂದ ಒಂದು ಮಾತನ್ನು ನೀವು ಗಮನವಿಟ್ಟು ಕೇಳಬೇಕು. 1956ರ ರಾಷ್ಟ್ರೀಯ ಹೆದ್ದಾರಿ ಕಾಯಿದೆಯಂತೆ ಜಮೀನು ಬೇಕೆಂಬ ಪ್ರಕಟಣೆ ಮೊದಲು ಗೆಜೆಟ್ಟಿನಲ್ಲಿ ಬರುತ್ತದೆ. ಅದರ ಸಾರಾಂಶವನ್ನು ಎರಡು ಪತ್ರಿಕೆಗಳಲ್ಲಿ ಹಾಕಬೇಕು. ಅವುಗಳಲ್ಲಿ ಒಂದು ಸ್ಥಳೀಯ ಭಾಷೆಯದು. ಪ್ರಕಟವಾದ 21 ದಿನಗಳೊಳಗೆ ನಿಮ್ಮ ಆಕ್ಷೇಪಣೆಯನ್ನು ಬರವಣಿಗೆಯಲ್ಲಿ ಕೊಡಬಹುದು. ಕೊಟ್ಟರೆ ಅಧಿಕಾರಿ ನಿಮ್ಮನ್ನು ಕರೆದು ಕೇಳಲೇಬೇಕು. ಮುಂದಿನ ಘೋಷಣೆ ಹೊರಟಿತೆಂದರೆ ಭೂಮಿ ಕೇಂದ್ರ ಸರ್ಕಾರದ್ದಾಗುತ್ತದೆ. ಆಮೇಲೆ ಉಳಿಯುವುದು ಪರಿಹಾರದ ಪ್ರಶ್ನೆ. ಆ ಮೊತ್ತ ಸಾಲದೆಂದು ಕಂಡರೆ ಮಧ್ಯಸ್ಥಗಾರರ ಮುಂದೆ ಅರ್ಜಿ ಹಾಕಿಕೊಳ್ಳಬಹುದು.

ನಮ್ಮ ಕಡೆ ಆ ಸ್ಥಳೀಯ ಭಾಷೆ ತಮಿಳು. ಮನೆಯಲ್ಲಿ ಕನ್ನಡ ಆಡುವ, ತಮಿಳು ಓದಲು ಬಾರದ ಹಿರಿಯರಿಗೆ ಪತ್ರಿಕೆಯ ಮೂಲೆಯ ಸಣ್ಣಕ್ಷರ ಕಾಣಿಸುವುದೇ ಇಲ್ಲ. 21 ದಿನ ಕಳೆದುಹೋಗುತ್ತದೆ. ಶಾಲೆಗೆ ಹೋಗುವ ಮಕ್ಕಳ ಕೈಲಿ ಓದಿಸಿ ಕೇಳಿ. ಪಟ್ಟಾ ಇನ್ನೂ ತೀರಿಹೋದ ತಾತನ ಹೆಸರಿನಲ್ಲೇ ಇದ್ದರೆ ಈಗಲೇ ಬದಲಾಯಿಸಿಕೊಳ್ಳಿ. ಪರಿಹಾರ ಬರುವ ಹೊತ್ತಿಗೆ ಅಣ್ಣತಮ್ಮಂದಿರು ಕಚೇರಿ ಬಾಗಿಲಲ್ಲಿ ಜಗಳವಾಡುವುದು ತಪ್ಪುತ್ತದೆ.

2023ರಲ್ಲಿ ಉದ್ದನಪಲ್ಲಿ ಸುತ್ತಿನ ರೈತರು ಸಿಪ್‌ಕಾಟ್‌ಗೆ ಜಮೀನು ಕೊಡಲಾರೆವೆಂದು ಧರಣಿ ಕುಳಿತದ್ದನ್ನು ಬಲ್ಲಿರಿ. ಅದರ ಕಾನೂನು ಬೇರೆ. ಆದರೆ ಕಾಗದ ಓದಿ, ಸರ್ವೆ ನಂಬರು ನೋಡಿ, ಕಾಲಕ್ಕೆ ಸರಿಯಾಗಿ ಉತ್ತರ ಕೊಡಬೇಕೆಂಬುದು ಎರಡಕ್ಕೂ ಒಂದೇ.

ದಾರಿ ನಮಗೆ ಬೇಡವೆಂದಲ್ಲ. ಹೆರಿಗೆ ನೋವಿನ ಹೆಣ್ಣುಮಗಳನ್ನು ಹೊಸೂರಿಗೆ ಮುಟ್ಟಿಸುವುದೂ ಅದೇ ದಾರಿ. ಅದು ನಿಮ್ಮ ಹೊಲದ ಮೇಲೆ ಬರುವುದಾದರೆ ನಿಮ್ಮನ್ನು ಕೇಳಿ ಬರಲಿ. ಅವರು ಕೇಳುವ ದಿನ ನಿಮ್ಮ ಕಾಗದಪತ್ರ ಕೈಯಲ್ಲಿರಲಿ.