ಸಂಜೆ ಐದರ ಕೂಲಿ



ಮತ್ತಾಯನ ಶುಭಸಂದೇಶದ 20ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಕಥೆಯೊಂದಿದೆ. ದ್ರಾಕ್ಷಿತೋಟದ ಯಜಮಾನ ಬೆಳಗ್ಗೆ ಬಂದವರಿಗೂ ಸಂಜೆ ಐದಕ್ಕೆ ಬಂದವರಿಗೂ ಒಂದೇ ಕೂಲಿ ಕೊಡುತ್ತಾನೆ. ಮೊದಲು ಬಂದವರು ಗೊಣಗುತ್ತಾರೆ. ಕೊನೆಯವರು ಸೋಮಾರಿಗಳಲ್ಲ, ಅವರನ್ನು ಯಾರೂ ಕೆಲಸಕ್ಕೆ ಕರೆದಿರಲಿಲ್ಲ.

ಕಳೆದ ವರ್ಷ ನಮ್ಮ ಕಂಪನಿಯಲ್ಲಿ ಸಂದರ್ಶನ ಮಾಡುವಾಗ, ಬಿಇ ನಡುವೆ ಎರಡು ವರ್ಷ ಓದು ಬಿಟ್ಟಿದ್ದ ಹುಡುಗನನ್ನು ಅಷ್ಟಕ್ಕೇ ಬೇಡವೆಂದೆ. ರಾತ್ರಿ ನಿದ್ದೆ ಬರಲಿಲ್ಲ. ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ ಫೇಲಾದ ನನ್ನನ್ನು ಮನೆಯಿಂದ ಕರೆತಂದು, ಸಪ್ಲಿಮೆಂಟರಿ ಪರೀಕ್ಷೆಗೆ ಪಾಠ ಹೇಳಿದವರು ಇದೇ ಶಾಲೆಯ ಮೇಷ್ಟ್ರು. ಸಂಜೆ ಐದಕ್ಕೆ ಬಂದವನು ನಾನೇ!

ಮರುದಿನ ಆ ಹುಡುಗನಿಗೆ ಫೋನ್ ಮಾಡಿದೆ. ಅವನು ಎತ್ತಲಿಲ್ಲ. ಈಗ ಯಾವ ಅರ್ಜಿ ಕೈಗೆ ಬಂದರೂ ಮೊದಲು ಮೇಷ್ಟ್ರ ಮುಖ ನೆನಪಾಗುತ್ತದೆ.